ಗ್ರಂಥಾಗ್ರ: ಹಸ್ತಪ್ರತಿಗಳಲ್ಲಿ ಅಕ್ಷರಗಣನೆಯ ಸಂಪ್ರದಾಯ

ಪ್ರಾಚೀನ ಹಸ್ತಪ್ರತಿಗಳ ಕೊನೆಯಲ್ಲಿ ಗ್ರಂಥಸಮಾಪ್ತಿಯ ವಾಕ್ಯದ ಬಳಿಕ ಒಂದು ಸಂಖ್ಯೆ ಬರೆದಿರುವುದುಂಟು. ಅದನ್ನು ‘ಗ್ರಂಥಾಗ್ರ’, ‘ಗ್ರಂಥಸಂಖ್ಯೆ’ ಅಥವಾ ‘ಶ್ಲೋಕಸಂಖ್ಯೆ’ ಎಂದು ಕರೆಯುವರು. ಪುಷ್ಪಿಕೆಯ ಕಾಲನಿರ್ದೇಶವನ್ನೂ ಲಿಪಿಕಾರನ ಹೆಸರನ್ನೂ ಆಸಕ್ತಿಯಿಂದ ಪರಿಶೀಲಿಸುವ ಸಂಶೋಧಕರು ಈ ಸಂಖ್ಯೆಯನ್ನು ಅಲಂಕಾರವೆಂಬಂತೆ ಬಿಟ್ಟುಬಿಡುವುದುಂಟು. ಇದು ಉಚಿತವಲ್ಲ. ಶ್ರುತವು ಎಷ್ಟು ಉಳಿದಿದೆ, ಎಷ್ಟು ನಷ್ಟವಾಗಿದೆ ಎಂಬುದನ್ನು ಅಳೆಯಲು ಪೂರ್ವಿಕರು ಬಿಟ್ಟುಹೋದ ಮಾನದಂಡಗಳಲ್ಲಿ ಇದು ಮುಖ್ಯವಾದುದು.

ಇಲ್ಲಿ ‘ಗ್ರಂಥ’ವೆಂದರೆ 32 ಅಕ್ಷರಗಳ ಒಂದು ಪ್ರಮಾಣ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳುಳ್ಳ ಅನುಷ್ಟುಪ್ ಶ್ಲೋಕವೇ ಇದಕ್ಕೆ ಮೂಲ. ಆದುದರಿಂದ ‘ಮೂರು ಸಾವಿರ ಶ್ಲೋಕ ಪ್ರಮಾಣ’ ಎಂದೊಡನೆ ಅದರಲ್ಲಿ ಮೂರು ಸಾವಿರ ಪದ್ಯಗಳಿವೆಯೆಂದು ತಿಳಿಯಬಾರದು. ಗದ್ಯವ್ಯಾಖ್ಯಾನಕ್ಕೂ ಗದ್ಯಪದ್ಯಮಿಶ್ರವಾದ ಚಂಪುವಿಗೂ ಸೂತ್ರಗ್ರಂಥಕ್ಕೂ ಇದೇ ಅಳತೆ ಸಲ್ಲುತ್ತದೆ. ಸಂಯುಕ್ತಾಕ್ಷರದಲ್ಲಿ ಎಷ್ಟು ವ್ಯಂಜನಗಳಿದ್ದರೂ ಅದು ಒಂದೇ ಅಕ್ಷರ. ಸ್ವರಹೀನ ವ್ಯಂಜನಕ್ಕೆ ಪ್ರತ್ಯೇಕ ಗಣನೆಯಿಲ್ಲ.

ಶಬ್ದಗಳನ್ನು ಎಣಿಸದೆ ಅಕ್ಷರಗಳನ್ನೇ ಎಣಿಸಿದ್ದೇಕೆ? ಓಲೆಗರಿಯಲ್ಲಿ ಶಬ್ದಗಳ ನಡುವೆ ತೆರಪು ಬಿಡುವ ಪದ್ಧತಿಯಿರಲಿಲ್ಲ. ಸಂಧಿಸಮಾಸಗಳಿಂದ ಕೂಡಿದ ಭಾಷೆಯಲ್ಲಿ ಒಂದು ಶಬ್ದ ಎಲ್ಲಿ ಮುಗಿಯಿತೆಂಬುದು ಓದುವವನ ವ್ಯುತ್ಪತ್ತಿಯನ್ನು ಅವಲಂಬಿಸುತ್ತದೆ. ಅಕ್ಷರಸಂಖ್ಯೆಯಾದರೋ ಎಲ್ಲರಿಗೂ ಒಂದೇ. ಇಂದು ಗಣಕಯಂತ್ರದಲ್ಲಿ ಬರೆಯುವವರಿಗೆ ಬರೆಬರೆಯುತ್ತಿದ್ದಂತೆಯೇ ಶಬ್ದಸಂಖ್ಯೆ ಪರದೆಯ ಮೇಲೆ ಕಾಣಿಸುತ್ತದೆ. ಆದರೆ ಯಂತ್ರದ ಆ ಎಣಿಕೆ ನಡುವಣ ತೆರಪನ್ನೇ ನಂಬಿರುವುದು. ಬರೆಯುತ್ತಲೇ ಎಣಿಸುವ ಕ್ರಮವೂ ಹೊಸದಲ್ಲ. ಶ್ವೇತಾಂಬರ ಆಗಮಗಳ ಕೆಲವು ಪ್ರತಿಗಳಲ್ಲಿ ಪಾಠದ ನಡುನಡುವೆಯೇ ಅಲ್ಲಿಯವರೆಗಿನ ಗ್ರಂಥಾಗ್ರವನ್ನು ನಮೂದಿಸಿರುತ್ತಾರೆ. ಸುಮಾರು 1,200 ಗ್ರಂಥ ಪ್ರಮಾಣದ ಕಲ್ಪಸೂತ್ರಕ್ಕೆ ‘ಬಾರಸಾ ಸೂತ್ರ’ವೆಂಬ ಹೆಸರು ಬಂದುದೂ ಈ ಗಣನೆಯಿಂದಲೇ.

ಜೈನ ಪರಂಪರೆಯಲ್ಲಿ ಅಕ್ಷರಗಣನೆಗೆ ಸೈದ್ಧಾಂತಿಕ ಆಧಾರವೂ ಉಂಟು. ಅರ್ಥಪದ, ಪ್ರಮಾಣಪದ, ಮಧ್ಯಮಪದವೆಂದು ಪದವು ಮೂರು ವಿಧ. ಇವುಗಳಲ್ಲಿ ಪ್ರಮಾಣಪದಕ್ಕೆ ಎಂಟು ಅಕ್ಷರ. ಅಂಥ ನಾಲ್ಕು ಸೇರಿದರೆ ಲಿಪಿಕಾರನ ಒಂದು ಗ್ರಂಥ. ದ್ವಾದಶಾಂಗಗಳ ಗಣನೆಗೆ ಬಳಸುವ ಮಧ್ಯಮಪದಕ್ಕಾದರೋ 1634,83,07,888 ಅಕ್ಷರಗಳು. ಆಚಾರಾಂಗಕ್ಕೆ 18,000 ಪದಗಳೆಂದು ಹೇಳುವಲ್ಲಿ ಈ ಮಧ್ಯಮಪದವೇ ವಿವಕ್ಷಿತ. ಇವುಗಳ ಭೇದವನ್ನರಿಯದೆ ಆಗಮಸಂಖ್ಯೆಗಳನ್ನು ಹಸ್ತಪ್ರತಿಗಳ ಸಂಖ್ಯೆಗಳೊಡನೆ ಹೋಲಿಸಿದರೆ ಗೊಂದಲವೇ ಫಲ.

ಗ್ರಂಥಾಗ್ರದ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗರಿಯ ಒಂದು ಪಾರ್ಶ್ವದಲ್ಲಿ 8 ಸಾಲು, ಸಾಲಿಗೆ 64 ಅಕ್ಷರವಿದ್ದರೆ ಒಟ್ಟು 512 ಅಕ್ಷರ, ಅಂದರೆ 16 ಗ್ರಂಥ. ಎರಡು ಪಾರ್ಶ್ವಗಳೂ ಕೂಡಿ ಗರಿಯೊಂದಕ್ಕೆ 32 ಗ್ರಂಥ. ನೂರು ಗರಿಗಳಿಗೆ 3,200. ಕೊನೆಯಲ್ಲಿ 3,200 ಎಂದಿದ್ದು ಎಣಿಸಿದಾಗ 3,136 ಮಾತ್ರ ದೊರೆತರೆ ಎರಡು ಗರಿಗಳು ಕಳೆದಿರಬೇಕೆಂದು ಊಹಿಸಲು ಅವಕಾಶವುಂಟು. ಗರಿಗಳೆಲ್ಲವೂ ಇದ್ದು ಸಂಖ್ಯೆ ಮಾತ್ರ ಕಡಿಮೆಯಾದರೆ ಪ್ರತಿಕಾರನು ಸಾಲುಗಳನ್ನು ಬಿಟ್ಟಿರುವನೇ ಎಂದು ಶೋಧಿಸಬೇಕು. ಲಿಪಿಕಾರನ ಸಂಭಾವನೆಯನ್ನು ನಿಶ್ಚಯಿಸಲೂ ಶಾಸ್ತ್ರದಾನ ಮಾಡಿಸುವವರಿಗೆ ಇದೇ ಅಳತೆ ಒದಗುತ್ತಿತ್ತು.

ಈ ಸಂಖ್ಯೆಗಳ ಬಲವೂ ಮಿತಿಯೂ ಸಿದ್ಧಾಂತಗ್ರಂಥಗಳ ವಿಷಯದಲ್ಲಿ ಸ್ಪಷ್ಟವಾಗುತ್ತವೆ. ಇಂದ್ರನಂದಿಯ ಶ್ರುತಾವತಾರದ ಪ್ರಕಾರ ಜಯಧವಲೆಯಲ್ಲಿ ವೀರಸೇನರು 20,000, ಅವರ ಶಿಷ್ಯ ಜಿನಸೇನರು 40,000 ಗ್ರಂಥಗಳನ್ನು ರಚಿಸಿದರು. ಶಕವರ್ಷ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ ಮುಗಿದ ಆ ಟೀಕೆಯ ಪ್ರಶಸ್ತಿಯೂ ಅನುಷ್ಟುಪ್ ಮಾನದಿಂದ 60,000 ಎಂದೇ ಹೇಳುತ್ತದೆ. ಇಲ್ಲಿ ಎರಡು ಸಾಕ್ಷ್ಯಗಳೂ ಕೂಡಿಬರುತ್ತವೆ. ಆದರೆ ಇಂದ್ರನಂದಿಯು ಧವಲೆಗೆ 72,000, ಮಹಾಬಂಧಕ್ಕೆ 30,000 ಎಂದರೆ ಬ್ರಹ್ಮ ಹೇಮಚಂದ್ರನ ಶ್ರುತಸ್ಕಂಧದಲ್ಲಿ ಕ್ರಮವಾಗಿ 70,000 ಮತ್ತು 40,000 ಎಂದಿದೆ.

ಮಹಾಬಂಧದ ವಿಷಯದಲ್ಲಿ ಹತ್ತು ಸಾವಿರದ ಅಂತರ ಅಲ್ಪವಲ್ಲ. ಗ್ರಂಥಭಾಗವೇ ಲುಪ್ತವಾಯಿತೆಂದು ಇದರಿಂದ ತೀರ್ಮಾನಿಸಬಹುದೇ? ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ತಾಡಪತ್ರಗಳ ಲೇಖನಕ್ರಮವನ್ನು ಬಲ್ಲವರು ಆತುರಪಡಲಾರರು. ಕರ್ಮಪ್ರಕೃತಿಗಳ ಹೆಸರುಗಳು ಮರುಕಳಿಸುವೆಡೆಗಳಲ್ಲಿ ಮೊದಲ ಅಕ್ಷರಗಳನ್ನಷ್ಟೇ ಬರೆದು ಉಳಿದುದನ್ನು ಸಂಕೇತದಿಂದ ಸೂಚಿಸುವ ರೂಢಿ ಅವುಗಳಲ್ಲಿದೆ. ಬರೆದ ಅಕ್ಷರಗಳನ್ನು ಮಾತ್ರ ಎಣಿಸಿದರೆ ಒಂದು ಸಂಖ್ಯೆ. ಸಂಕೇತಗಳನ್ನು ಬಿಡಿಸಿ ಪೂರ್ಣಪಾಠವನ್ನು ಎಣಿಸಿದರೆ ಅದಕ್ಕಿಂತ ದೊಡ್ಡ ಸಂಖ್ಯೆ. ಇಬ್ಬರು ಆಚಾರ್ಯರ ಮಾತುಗಳನ್ನೂ ಈ ರೀತಿಯಲ್ಲಿ ಹೊಂದಿಸಿಕೊಳ್ಳಲು ಸಾಧ್ಯವಿದೆ. ಪರಂಪರೆ ಸಾವಿರಗಳಲ್ಲಿ ಹೇಳುವ ಸಂಖ್ಯೆಗಳು ಸ್ಥೂಲವೆಂಬುದನ್ನೂ ಮರೆಯಲಾಗದು.

ಆದುದರಿಂದ ಗ್ರಂಥಾಗ್ರವನ್ನು ಕಂಡ ಸಂಪಾದಕನು ಮೂರು ಸಂಗತಿಗಳನ್ನು ವಿಚಾರಿಸಬೇಕು: ಆ ಸಂಖ್ಯೆ ಗ್ರಂಥಕಾರನದೋ, ಪ್ರತಿಕಾರನದೋ, ಪ್ರತಿಕಾರನು ತಾನೇ ಎಣಿಸಿದನೋ, ಮಾತೃಕೆಯಲ್ಲಿದ್ದುದನ್ನು ಹಾಗೆಯೇ ಎತ್ತಿಕೊಂಡನೋ, ಸಂಕೇತಗಳನ್ನು ಬಿಡಿಸಿ ಎಣಿಸಿದುದೋ, ಬಿಡಿಸದೆಯೋ. ಹಸ್ತಪ್ರತಿಸೂಚಿಗಳನ್ನು ಸಿದ್ಧಪಡಿಸುವವರು ಗರಿ, ಸಾಲು, ಅಕ್ಷರಗಳ ಸಂಖ್ಯೆಯೊಡನೆ ಪ್ರತಿಯ ಗ್ರಂಥಾಗ್ರವನ್ನೂ ತಾವು ಎಣಿಸಿದ ಮೊತ್ತವನ್ನೂ ಬೇರೆಬೇರೆಯಾಗಿ ದಾಖಲಿಸುವುದು ಅವಶ್ಯ. ಗರಿಗಳು ಹುಳುವಿಗೂ ತೇವಕ್ಕೂ ಆಹುತಿಯಾದ ಮೇಲೆ, ಅಲ್ಲಿ ಎಷ್ಟಿತ್ತೆಂದು ಹೇಳಲು ಉಳಿಯುವುದು ಆ ಒಂದು ಸಂಖ್ಯೆ ಮಾತ್ರ.