ಮೊದಲ ರೈಫಲ್ಲಿಗೆ ಯಾವ ಬೋರು?

ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಇತಿಹಾಸ ಕಲಿತು ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಈಚೆಗೆ ಬೆಳ್ಳಂದೂರಿನ ನಮ್ಮ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ, "ಮೇಷ್ಟ್ರೇ, ಅಲ್ಲಿ ಬೇಟೆಗೂ ಗುರಿ ಅಭ್ಯಾಸಕ್ಕೂ ಆಗುವ ಹಾಗೆ ಮೊದಲನೇ ರೈಫಲ್ ತಗೊಳ್ಳೋಣ ಅಂತಿದ್ದೀನಿ. ಯಾವ ಬೋರು ಒಳ್ಳೇದು?" ಎಂದು ಕೇಳಿದ. ಬಿ.ಎಡ್. ತರಬೇತಿಯಲ್ಲಿ ನನಗೆ ಸೀಮೆಸುಣ್ಣ ಹಿಡಿಯಲು ಕಲಿಸಿದರೇ ಹೊರತು ಕೋವಿ ಹಿಡಿಯಲು ಅಲ್ಲ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅಂದು ಅವನಿಗೆ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಬೋರು ಎಂದರೆ ನಳಿಗೆಯ ಒಳವ್ಯಾಸ. ಶಾಲಾ ಹುಡುಗರು ಎನ್.ಸಿ.ಸಿ.ಯಲ್ಲಿ ಹೊಡೆಯುವ .22 ರೈಫಲ್ಲಿನ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ. ಅಂಚು ತೆಳುವಾಗಿರಬೇಕಾದ್ದರಿಂದ ಅದು ಹೆಚ್ಚು ಒತ್ತಡ ತಾಳದು. ಸೆಂಟರ್‌ಫೈರ್ ತೋಟಾದಲ್ಲಾದರೋ ಕೇಪು ತಳದ ನಟ್ಟನಡುವೆ ಕುಳಿತಿರುತ್ತದೆ. ಸುತ್ತಲಿನ ಹಿತ್ತಾಳೆ ದಪ್ಪವಾಗಿರುತ್ತದೆ. ಆದ್ದರಿಂದಲೇ ದೊಡ್ಡ ಬೇಟೆಯ ರೈಫಲ್ಲುಗಳೆಲ್ಲ ಈ ಜಾತಿಯವು.

ನಮ್ಮ ದೇಶದಲ್ಲಿ ಬೋರಿನ ಆಯ್ಕೆಯನ್ನು ಬೇಟೆಗಾರನಿಗಿಂತ ಮೊದಲು ಸರ್ಕಾರವೇ ಮಾಡಿಬಿಟ್ಟಿತ್ತು. ಸೈನ್ಯದ ತೋಟಾ ಬಂಡಾಯಗಾರರ ಕೈಸೇರೀತೆಂಬ ಭಯ ಬ್ರಿಟಿಷರಿಗೆ. 1907ರಲ್ಲಿ .450 ಬೋರನ್ನು ಭಾರತದಲ್ಲಿ ನಿಷೇಧಿಸಿದಾಗ, ಇಂಗ್ಲೆಂಡಿನ ಕೋವಿ ತಯಾರಕರು .465, .470 ಮುಂತಾದ ಹೊಸ ಅಳತೆಗಳನ್ನೇ ಹುಟ್ಟುಹಾಕಿದರು. ಸೈನ್ಯದ .303 ಕೂಡ ನಾಗರಿಕರಿಗೆ ನಿಷಿದ್ಧವಾಗಿತ್ತು. ಅದರ ಜಾಗದಲ್ಲಿ ಬಂದದ್ದು ಆಸ್ಟ್ರಿಯಾದ ಮಾನ್‌ಲಿಕರ್ ತೋಟಾದಿಂದ ಬೆಳೆದ .315, ಅಂದರೆ 8 ಮಿ.ಮೀ. ಸ್ವಾತಂತ್ರ್ಯಾನಂತರ ಬಂಗಾಳದ ಇಚ್ಛಾಪುರದ ರೈಫಲ್ ಕಾರ್ಖಾನೆಯು ಲೀ–ಎನ್‌ಫೀಲ್ಡ್ ಮಾದರಿಯಲ್ಲೇ .315 ರೈಫಲ್ಲನ್ನು ತಯಾರಿಸಿತು. 1959ರ ಶಸ್ತ್ರಾಸ್ತ್ರ ಕಾಯಿದೆಯೂ ನಿಷೇಧಿತ ಬೋರುಗಳ ಕಟ್ಟನ್ನು ಉಳಿಸಿಕೊಂಡಿತು. ಹೀಗಾಗಿ ಲೈಸೆನ್ಸ್ ಪಡೆದ ಅನೇಕ ರೈತರ, ಎಸ್ಟೇಟಿನವರ ಮೊದಲ ರೈಫಲ್ 'ತ್ರೀ ಫಿಫ್ಟೀನ್' ಆಯಿತು. ಅದು ಆರಿಸಿಕೊಂಡದ್ದಲ್ಲ, ಉಳಿದದ್ದು.

ಈ ಮಾತಿಗೆ ಬಂದಾಗ ಕೆನೆತ್ ಆಂಡರ್ಸನ್ (1910–1974) ನೆನಪಾಗುತ್ತಾರೆ. ನಮ್ಮ ಕೆರೆಯಾಚೆಯ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಪೂರ್ಣಚಂದ್ರ ತೇಜಸ್ವಿಯವರು ಅವರ ಕಥೆಗಳನ್ನು ಕನ್ನಡಕ್ಕೆ ತಂದ 'ಬೆಳ್ಳಂದೂರಿನ ನರಭಕ್ಷಕ' ಪುಸ್ತಕವನ್ನು ತರಗತಿಗೆ ತಂದು, "ಸಾರ್, ಹುಲಿ ನಮ್ಮೂರಲ್ಲೇ ಇತ್ತಾ?" ಎಂದು ಕಣ್ಣರಳಿಸಿದವರು ನಿಮ್ಮಲ್ಲೇ ಹಲವರಿದ್ದೀರಿ. ಆ ಬೆಳ್ಳಂದೂರು ಮಲೆನಾಡಿನದು, ನಮ್ಮದಲ್ಲ! ಆಂಡರ್ಸನ್ನರ ಕೈಯಲ್ಲಿದ್ದದ್ದು 1895ರ ಮಾದರಿಯ .405 ವಿಂಚೆಸ್ಟರ್. ಅದರ ಗುಂಡು 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಭುಜಕ್ಕೆ ಗುದ್ದುವ ಕೋವಿ, ಅನನುಭವಿಗೆ ತಕ್ಕದ್ದಲ್ಲ.

ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಬಹುಮಾನವಾಗಿ ಬಂದ .275 ರಿಗ್ಬಿಯ ಗುಂಡು ಇದರ ಅರ್ಧದಷ್ಟೂ ಭಾರವಿರಲಿಲ್ಲ. ಆದರೂ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಅವರು ಕೊಂದದ್ದು ಅದರಿಂದಲೇ. ಬೋರು ದೊಡ್ಡದಾದ ಮಾತ್ರಕ್ಕೆ ಗುರಿ ಹತ್ತಿರವಾಗುವುದಿಲ್ಲ.

ಆ ರಿಗ್ಬಿ ಬಹುಮಾನವಾಗಿ ಬಂದದ್ದಾದರೂ ಏಕೆ? 436 ಜನರನ್ನು ಕೊಂದ ಚಂಪಾವತದ ಹೆಣ್ಣುಹುಲಿಯನ್ನು ಕೊನೆಗಾಣಿಸಿದ್ದಕ್ಕಾಗಿ. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಿಂದೆಂದೋ ತಗುಲಿದ ಗುಂಡಿನ ಗಾಯ. ಅದರಿಂದಾಗಿ ಸಹಜ ಬೇಟೆಯಾಡಲಾಗದೆ ಅದು ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ಬರೆದಿದ್ದಾರೆ. ಯಾರೋ ಒಬ್ಬ ಗುರಿತಪ್ಪಿ ಹಾರಿಸಿ, ಹೆಗಲಿಗೆ ಕೋವಿ ಏರಿಸಿ ಮನೆಗೆ ಹೋದ. ಅದರ ಲೆಕ್ಕ ತೀರಿಸಿದವರು ಸೌದೆಗೆ, ಹುಲ್ಲಿಗೆ ಹೋದ ಬಡ ಹೆಂಗಸರು. ಬೋರಿನ ಚರ್ಚೆಯಲ್ಲಿ ಇದನ್ನು ಮರೆಯಬಾರದು.

1972 ಈ ಕಥೆಗೆ ತಿರುವಿನ ವರ್ಷ. ಆ ವರ್ಷ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿಯು ಪರವಾನಗಿಯ ಬೇಟೆಗೂ ತೆರೆಯೆಳೆಯಿತು. ಒಲಿಂಪಿಕ್ಸ್‌ನಲ್ಲಿ 300 ಮೀಟರ್ ಸೆಂಟರ್‌ಫೈರ್ ರೈಫಲ್ ಸ್ಪರ್ಧೆ ಕೊನೆಯ ಬಾರಿಗೆ ನಡೆದದ್ದೂ ಆ ವರ್ಷವೇ, ಮ್ಯೂನಿಕ್‌ನಲ್ಲಿ.

ಶಿಷ್ಯನಿಗೆ ಕೊನೆಗೆ ಹೇಳಿದ್ದಿಷ್ಟು: "ಅಲ್ಲಿನ ಕಾನೂನು ಬೇಟೆಗೆ ಒಪ್ಪುತ್ತದೆ, ಆಯ್ಕೆಯೂ ನಿನ್ನದೇ, ಹೊಣೆಯೂ ನಿನ್ನದೇ. 1952ರಲ್ಲಿ ಬಂದ .308ನಂಥ ಮಧ್ಯಮ ಬೋರು ಜಿಂಕೆಗೂ ಸಾಕು, ಗುರಿಪಲಕಕ್ಕೂ ಸಾಕು. ತೋಟಾ ಸುಲಭವಾಗಿ ಸಿಗುತ್ತದೆ, ಭುಜವೂ ತಾಳುತ್ತದೆ. ಆದರೆ ಒಂದೇ ಈಡಿಗೆ ಪ್ರಾಣ ಹೋಗುವಂತೆ ಹೊಡೆಯಬಲ್ಲೆ ಎಂಬ ಭರವಸೆ ಬರುವ ತನಕ ಯಾವ ಪ್ರಾಣಿಯ ಮೇಲೂ ಕೋವಿ ಎತ್ತಬೇಡ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂದು ವರ್ಷ ಬರೀ ಕಾಗದಕ್ಕೇ ಹೊಡೀತೀನಿ ಮೇಷ್ಟ್ರೇ" ಎಂದ. ಪರೀಕ್ಷೆಯಲ್ಲಿ ಅವನಿಗೆಂದೂ ಅಷ್ಟು ಅಂಕ ಕೊಟ್ಟಿರಲಿಲ್ಲ. ಅಂದು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟೆ.