ದ್ಯೂತದಲ್ಲಿ ಅರಸನ ಪಾಲು: ಜೂಜಿನ ಗಳಿಕೆಯ ಮೇಲಣ ತೆರಿಗೆಯ ಚಾರಿತ್ರಿಕ ವಿವೇಚನೆ

ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ, ನವುಲೆಯ ಕಾಲೇಜುಗಳ ಸಮೀಪದಲ್ಲಿ ಕೊಠಡಿ ಹಿಡಿದು ಓದುತ್ತಿರುವ ವಿದ್ಯಾರ್ಥಿಯೊಬ್ಬನು ಕೆಲವು ಕಾಲದ ಹಿಂದೆ ಈ ಲೇಖಕನನ್ನು ಒಂದು ಪ್ರಶ್ನೆ ಕೇಳಿದನು. ಅವನು ಮೊಬೈಲಿನಲ್ಲಿ ಪೋಕರ್ ಆಡಿ ಸ್ವಲ್ಪ ಹಣ ಗೆದ್ದಿದ್ದನು. ಆ ಹಣ ಕೈಸೇರುವ ಮೊದಲೇ ನೂರಕ್ಕೆ ೩೦ರಂತೆ ಆದಾಯ ತೆರಿಗೆ ಕಡಿತವಾಗಿತ್ತು. “ಸರಕಾರವೇ ಪಾಲು ತೆಗೆದುಕೊಂಡ ಮೇಲೆ ಆಟ ತಪ್ಪೆಂದು ಹೇಗೆ ಹೇಳುತ್ತೀರಿ, ಸಾರ್?” ಎಂಬುದು ಅವನ ಪ್ರಶ್ನೆ. ಮೇಲುನೋಟಕ್ಕೆ ಇದು ವಕೀಲರು ಉತ್ತರಿಸಬೇಕಾದ ಪ್ರಶ್ನೆ. ಆದರೆ ಜೂಜಿನಲ್ಲಿ ಅರಸನು ಪಾಲು ತೆಗೆದುಕೊಳ್ಳುವ ಪದ್ಧತಿ ನಮ್ಮ ನಾಡಿನಲ್ಲಿ ಬಹಳ ಪುರಾತನವಾದುದು. ಆ ಪಾಲಿಗೆ ಪ್ರತಿಯಾಗಿ ಅರಸನು ಏನನ್ನು ಕೊಡುತ್ತಿದ್ದನು, ಇಂದಿನ ರಾಜ್ಯವು ಏನನ್ನು ಕೊಡುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಮೊದಲು ಸ್ಮರಿಸಬೇಕಾದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ೧೯೦೯ರಲ್ಲಿ ಅದನ್ನು ಮೈಸೂರಿನಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಅದರ ಮೂರನೆಯ ಅಧಿಕರಣದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಬೇರೆಡೆಯಲ್ಲಿ ಆಡಿದವನಿಗೆ ೧೨ ಪಣ ದಂಡ. ಗೂಢವಾಗಿ ಬದುಕುವವರನ್ನು ಪತ್ತೆಮಾಡುವುದಕ್ಕೆ ಇದು ಸಾಧನವೆಂದು ಕೌಟಿಲ್ಯನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಮೋಸವಿಲ್ಲದ ದಾಳಗಳನ್ನು ಅಧ್ಯಕ್ಷನೇ ಬಾಡಿಗೆಗೆ ಒದಗಿಸಬೇಕು. ಗೆದ್ದ ದ್ರವ್ಯದಲ್ಲಿ ನೂರಕ್ಕೆ ೫ರಷ್ಟನ್ನೂ, ದಾಳದ ಬಾಡಿಗೆ, ನೀರು, ನೆಲ ಇವುಗಳ ಶುಲ್ಕವನ್ನೂ ಅವನು ವಸೂಲುಮಾಡಬೇಕು. ತೆರಿಗೆಯೂ ಮೇಲ್ವಿಚಾರಣೆಯೂ ಇಲ್ಲಿ ಒಂದೇ ಕೈಯಲ್ಲಿದ್ದುದನ್ನು ಗಮನಿಸಬೇಕು.

ಸ್ಮೃತಿಕಾರರಲ್ಲಿ ಈ ಬಗೆಗೆ ಏಕಾಭಿಪ್ರಾಯವಿಲ್ಲ. ಅರಸನು ತನ್ನ ರಾಜ್ಯದಿಂದ ದ್ಯೂತವನ್ನು ನಿರ್ಮೂಲಗೊಳಿಸಬೇಕೆಂದು ಮನು ವಿಧಿಸುತ್ತಾನೆ. ಯಾಜ್ಞವಲ್ಕ್ಯನ ಮಾರ್ಗ ಬೇರೆ. ಅವನ ಪ್ರಕಾರ ಜೂಜಿನ ಶಾಲೆಯನ್ನು ನಡೆಸುವ ಸಭಿಕನು ನೂರು ಮುಟ್ಟುವ ಆಟದಲ್ಲಿ ನೂರಕ್ಕೆ ೫ನ್ನೂ ಉಳಿದೆಡೆಯಲ್ಲಿ ೧೦ನ್ನೂ ಪಡೆಯಬಹುದು. ಅರಸನಿಂದ ರಕ್ಷಿತನಾದ ಅವನು ಒಪ್ಪಂದದಂತೆ ಅರಸನ ಭಾಗವನ್ನು ಸಲ್ಲಿಸಬೇಕು. ಮುಂದಿನ ನಿಯಮ ಇನ್ನೂ ಮುಖ್ಯವಾದುದು. ಸಭಿಕನ ಸಮಕ್ಷಮದಲ್ಲಿ ಬಹಿರಂಗವಾಗಿ ಆಟ ನಡೆದು, ಅರಸನಿಗೆ ಅವನ ಭಾಗ ಸಂದಿದ್ದರೆ, ಸೋತವನಿಂದ ಗೆದ್ದವನಿಗೆ ಹಣ ಕೊಡಿಸುವುದು ಅರಸನ ಹೊಣೆ. ಹಾಗಲ್ಲದಿದ್ದರೆ ಆ ಹೊಣೆ ಅವನಿಗಿಲ್ಲ. ಎಂದರೆ ತೆರಿಗೆಯು ಅರಸನನ್ನೂ ಕಟ್ಟಿಹಾಕುತ್ತಿತ್ತು.

ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಮನುವಿನ ನಿಷೇಧಕ್ಕೂ ಯಾಜ್ಞವಲ್ಕ್ಯನ ಅನುಮತಿಗೂ ಇರುವ ವಿರೋಧವನ್ನು ಅವನು ಪರಿಹರಿಸಿದ ರೀತಿ ಗಮನಾರ್ಹವಾಗಿದೆ: ಮನುವಿನ ನಿಷೇಧ ಅನ್ವಯಿಸುವುದು ಕಪಟ ದಾಳಗಳ ಆಟಕ್ಕೆ, ಮತ್ತು ಅರಸನ ಅಧ್ಯಕ್ಷನಾಗಲಿ ಸಭಿಕನಾಗಲಿ ಇಲ್ಲದೆ ನಡೆಯುವ ಆಟಕ್ಕೆ. ಈ ಮೂರು ಗ್ರಂಥಗಳೂ ಶಾಸ್ತ್ರಗ್ರಂಥಗಳು. ಊರೂರಿನ ಆಚರಣೆ ಅವುಗಳಂತೆಯೇ ಇದ್ದಿತೆಂದು ಸಾಧಿಸಲು ಅವಷ್ಟೇ ಸಾಲವು. ಆದರೆ ಪಾಲು ಮತ್ತು ರಕ್ಷಣೆ ಜೊತೆಜೊತೆಯಾಗಿರಬೇಕೆಂಬ ತತ್ತ್ವ ಅವುಗಳಲ್ಲಿ ಸ್ಪಷ್ಟವಾಗಿದೆ.

ಬ್ರಿಟಿಷರ ಆಳ್ವಿಕೆಯಲ್ಲಿ ಈ ತತ್ತ್ವ ಮುರಿದುಬಿದ್ದಿತು. ೧೮೬೭ರ ಸಾರ್ವಜನಿಕ ಜೂಜಿನ ಕಾಯಿದೆ ಜೂಜುಕಟ್ಟೆಯನ್ನು ಅಪರಾಧವನ್ನಾಗಿ ಮಾಡಿತು. ೧೮೭೨ರ ಕರಾರು ಕಾಯಿದೆಯ ೩೦ನೆಯ ಪ್ರಕರಣವು ಪಂದ್ಯದ ಕರಾರನ್ನು ಶೂನ್ಯವೆಂದು ಸಾರಿತು. ಕುದುರೆ ಪಂದ್ಯದ ಕೆಲವು ಬಹುಮಾನಗಳನ್ನು ಬಿಟ್ಟರೆ, ಗೆದ್ದ ಪಂದ್ಯದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ೧೯೨೨ರ ಆದಾಯ ತೆರಿಗೆ ಕಾಯಿದೆಯಾದರೋ, ವ್ಯಾಪಾರದಿಂದಲ್ಲದೆ ಆಕಸ್ಮಿಕವಾಗಿ ಒದಗಿ ಮರುಕಳಿಸದ ಪ್ರಾಪ್ತಿಯನ್ನು ತೆರಿಗೆಯಿಂದ ಹೊರಗಿಟ್ಟಿತು. ಹೀಗೆ ರಾಜ್ಯವು ರಕ್ಷಣೆಯನ್ನು ಹಿಂತೆಗೆದುಕೊಂಡಿತಾದರೂ, ಬಿಡಿ ಆಟಗಾರನ ಗಳಿಕೆಯಲ್ಲಿ ಆದಾಯ ತೆರಿಗೆಯ ಪಾಲನ್ನು ಕೇಳಲಿಲ್ಲ.

ಸ್ವಾತಂತ್ರ್ಯಾನಂತರದ ಬೆಳವಣಿಗೆಯಲ್ಲಿ ಮೈಸೂರು ರಾಜ್ಯದ ಪಾತ್ರ ಸಣ್ಣದಲ್ಲ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯು ಪದಬಂಧದ ಬಹುಮಾನ ಸ್ಪರ್ಧೆಯನ್ನು ನಡೆಸುತ್ತಿತ್ತು. ಮುಂಬಯಿ ರಾಜ್ಯದವರೂ ಪ್ರವೇಶಶುಲ್ಕ ತೆತ್ತು ಭಾಗವಹಿಸುತ್ತಿದ್ದರು. ಅದರ ಮೇಲೆ ಮುಂಬಯಿ ಸರಕಾರ ಹಾಕಿದ ತೆರಿಗೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೫೭ರ ಏಪ್ರಿಲ್ ೯ರಂದು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಋಗ್ವೇದದ ಅಕ್ಷಸೂಕ್ತದಿಂದ ಮೊದಲುಗೊಂಡು ಮನು ಯಾಜ್ಞವಲ್ಕ್ಯರವರೆಗೆ ಪ್ರಸ್ತಾಪಿಸಿ, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವೇ ಅಲ್ಲವೆಂದು ತೀರ್ಮಾನಿಸಿದರು. ಇದೇ ಉದ್ಯಮದ ಮೈಸೂರಿನ ಸಂಸ್ಥೆಯು ಮೈಸೂರು ಸರಕಾರದ ವಿರುದ್ಧ ಹೂಡಿದ, ೧೯೬೨ರ ವರದಿಗಳಲ್ಲಿ ಪ್ರಕಟವಾದ ಮೊಕದ್ದಮೆಯ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಬಹುಮಾನ ಸ್ಪರ್ಧೆಗಳ ನಿಯಂತ್ರಣವನ್ನು ರಾಜ್ಯವು ಪಾರ್ಲಿಮೆಂಟಿಗೆ ಒಪ್ಪಿಸಿದ್ದರೂ, ಅವುಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಬಿಟ್ಟುಕೊಟ್ಟಂತಾಗಲಿಲ್ಲ ಎಂದು ನ್ಯಾಯಾಲಯ ಹೇಳಿತು. ಕೌಟಿಲ್ಯನಲ್ಲಿ ಒಂದೇ ಕೈಯಲ್ಲಿದ್ದ ಎರಡು ಕಾರ್ಯಗಳು ಇಲ್ಲಿ ವಿಧ್ಯುಕ್ತವಾಗಿ ಬೇರ್ಪಟ್ಟವು.

ಬಿಡಿ ಆಟಗಾರನ ಗಳಿಕೆಗೆ ಆದಾಯ ತೆರಿಗೆಯ ಕೈ ಚಾಚಿದ್ದು ೧೯೭೨ರಲ್ಲಿ. ಆ ವರ್ಷದ ಹಣಕಾಸು ಕಾಯಿದೆಯು ಲಾಟರಿ, ಪದಬಂಧ, ಕುದುರೆ ಪಂದ್ಯ, ಇಸ್ಪೀಟು ಮೊದಲಾದ ಎಲ್ಲ ಬಗೆಯ ಆಟಗಳ ಗೆಲುವನ್ನೂ ‘ಆದಾಯ’ವೆಂಬ ಪದದ ಅರ್ಥದೊಳಗೆ ಸೇರಿಸಿತು. ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ವಿಚಾರ ಜೂಜಿನ ಕಾಯಿದೆಗೆ ಮುಖ್ಯವಾಗಿದ್ದರೂ ತೆರಿಗೆಯ ಕಾಯಿದೆಗೆ ಮುಖ್ಯವಾಗಲಿಲ್ಲ. ೧೯೮೬ರ ಹಣಕಾಸು ಕಾಯಿದೆಯು ಇಂತಹ ಗಳಿಕೆಗೆ ನೂರಕ್ಕೆ ೪೦ರ ಪ್ರತ್ಯೇಕ ದರವನ್ನು ಗೊತ್ತುಮಾಡಿತು. ಮುಂದೆ ಅದು ೩೦ಕ್ಕೆ ಇಳಿಯಿತು. ೨೦೨೩ರ ಹಣಕಾಸು ಕಾಯಿದೆಯು ಆನ್‌ಲೈನ್ ಆಟಗಳಿಗೆಂದೇ ಬೇರೆ ವಿಧಿಗಳನ್ನು ತಂದು, ನಿವ್ವಳ ಗೆಲುವಿನ ಮೇಲೆ ೩೦ರ ದರವನ್ನು ವಿಧಿಸಿ, ಆಟ ನಡೆಸುವ ಸಂಸ್ಥೆಯೇ ಅದನ್ನು ಮೂಲದಲ್ಲಿ ಕಡಿತಮಾಡಬೇಕೆಂದಿತು. ೧೦,೦೦೦ ರೂಪಾಯಿ ಕಟ್ಟಿ ೧೪,೦೦೦ ರೂಪಾಯಿ ಹಿಂಪಡೆದವನ ನಿವ್ವಳ ಗೆಲುವು ೪,೦೦೦. ಅದರಲ್ಲಿ ೧,೨೦೦ ರೂಪಾಯಿ ಕಡಿತ. ಮುಂದಿನ ವರ್ಷ ಅಷ್ಟನ್ನೇ ಸೋತರೆ ಹಿಂದೆ ತೆತ್ತ ತೆರಿಗೆ ಮರಳದು. ಪ್ರಾಚೀನ ಸಭಿಕನು ಹೀಗೆ ಹೊಸ ವೇಷದಲ್ಲಿ ಮರಳಿ ಬಂದನು. ಆದರೆ ಅವನ ಆಟದ ಮೇಲೆ ಕಣ್ಣಿಡುವ ಅಧ್ಯಕ್ಷನು ಬರಲಿಲ್ಲ.

ನಿಷೇಧದ ಪ್ರಯತ್ನವೂ ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. ಹಣ ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು ೧೯೬೩ರ ಪೊಲೀಸ್ ಕಾಯಿದೆಗೆ ೨೦೨೧ರಲ್ಲಿ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ರದ್ದುಮಾಡಿತು. ಕೊನೆಗೆ ೨೦೨೫ರ ಆಗಸ್ಟಿನಲ್ಲಿ ನಡೆದುದು ಇತಿಹಾಸದ ವಿದ್ಯಾರ್ಥಿ ಮರೆಯಬಾರದ ಸಂಗತಿ. ಆ ತಿಂಗಳ ೨೧ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ೩೦ರ ದರ ಹಾಗೆಯೇ ಉಳಿದಿದೆ; ಮರುದಿನ ೨೨ರಂದು ಅಂಕಿತ ಪಡೆದ ಇನ್ನೊಂದು ಕಾಯಿದೆಯು ಕೌಶಲ ಅದೃಷ್ಟಗಳ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳನ್ನು ನಡೆಸುವುದನ್ನೇ ನಿಷೇಧಿಸಿತು. ಅದರಲ್ಲಿ ಶಿಕ್ಷೆ ನಡೆಸುವವನಿಗೆ, ಆಡುವವನಿಗಲ್ಲ. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ವರ್ಗವಾದವು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರಬಹುದು. ಅವನು ಕೇಳಿದುದು ತನಗರಿವಿಲ್ಲದೆಯೇ ಯಾಜ್ಞವಲ್ಕ್ಯನ ನ್ಯಾಯವನ್ನು. ಪಾಲು ಪಡೆದ ಅರಸನು ಆಟಕ್ಕೆ ಹೊಣೆಗಾರನೆಂಬ ಆ ನ್ಯಾಯ ಕಲ್ಯಾಣದ ವ್ಯಾಖ್ಯಾನಕಾರನಿಗೆ ಒಪ್ಪಿಗೆಯಾಗಿತ್ತು. ಇಂದಿನ ರಾಜ್ಯಕ್ಕೆ ಅದು ಒಪ್ಪಿಗೆಯಿಲ್ಲ. ಇಂದಿನ ತೆರಿಗೆಯು ಆದಾಯವಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ. ಅದು ನ್ಯಾಯವಾಗಿ ಬಂದಿತೆ ಎಂದು ವಿಚಾರಿಸುವುದಿಲ್ಲ. ಆದುದರಿಂದ ತೆರಿಗೆಯ ರಸೀದಿಯನ್ನು ಆಟದ ಅನುಮತಿಪತ್ರವೆಂದು ಭಾವಿಸುವುದು ತಪ್ಪು. ಆಟ ನಿಂತಿತೆಂಬ ಕಾರಣಕ್ಕೆ ಹಿಂದಿನ ವರ್ಷಗಳ ಗೆಲುವಿನ ತೆರಿಗೆ ತೀರಿತೆಂದು ಭಾವಿಸುವುದೂ ತಪ್ಪು. ಆದರೆ ತಪ್ಪೆಲ್ಲವೂ ಆ ತರುಣನದೇ ಎಂದು ಹೇಳಲು ಮನಸ್ಸು ಒಪ್ಪದು. ಪಾಲನ್ನು ಉಳಿಸಿಕೊಂಡು ಹೊಣೆಯನ್ನು ಕೈಬಿಟ್ಟ ರಾಜ್ಯವು, ತಾನು ಯಾವುದನ್ನು ಒಪ್ಪುತ್ತದೆ ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಪ್ರಜೆಗಳಿಗೆ ತಿಳಿಯುವಂತೆ ಹೇಳಬೇಕಾದ ಕರ್ತವ್ಯವನ್ನಾದರೂ ಉಳಿಸಿಕೊಳ್ಳಬೇಕು. ಒಂಬತ್ತು ಶತಮಾನಗಳ ಹಿಂದೆ ವಿಜ್ಞಾನೇಶ್ವರನು ಎದುರಿಸಿ ಉತ್ತರಿಸಿದ ಪ್ರಶ್ನೆ ಇದು. ನಮ್ಮ ಕಾಲದ ಉತ್ತರ ಇನ್ನೂ ಎರಡು ಕಾಯಿದೆಗಳ ನಡುವೆ ಹಂಚಿಹೋಗಿದೆ.