ತಪ್ಪು ಚೀಟಿಯ ಸೀಸೆ ಮತ್ತು ಹೆಪ್ಪುಗಟ್ಟದ ನೀರು

ಉತ್ತರ ಲಂಡನ್ನಿನ ಮಿಲ್ ಹಿಲ್ ದಿಬ್ಬದ ಮೇಲೆ ಹಿಂದೆ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಿತ್ತು. ಈ ದೇಶದಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನಾವು ಅದರ ಋಣವನ್ನು ನೆನೆಯುವುದು ಅಪರೂಪ.

1948ರ ಸುಮಾರಿಗೆ ಅಲ್ಲಿ ಆಲನ್ ಪಾರ್ಕ್ಸ್, ಆಡ್ರೆ ಸ್ಮಿತ್ ಮತ್ತು ತರುಣ ಕ್ರಿಸ್ಟೊಫರ್ ಪೋಲ್ಜ್ ಹುಂಜದ ವೀರ್ಯಾಣುಗಳನ್ನು ಮೈನಸ್ 79 ಡಿಗ್ರಿಯಲ್ಲಿ ಕಾಪಿಡಲು ಹೆಣಗುತ್ತಿದ್ದರು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನ ದ್ರಾವಣ ಫಲ ಕೊಡಲಿಲ್ಲ. ಕೆಲವು ತಿಂಗಳ ನಂತರ ಶೀತಕೋಣೆಯಿಂದ ಅದೇ ದ್ರಾವಣದ ಸೀಸೆಯನ್ನು ತಂದು ಪ್ರಯೋಗಿಸಿದಾಗ, ಕರಗಿಸಿದ ಜೀವಾಣುಗಳು ಈಜತೊಡಗಿದವು! ಹೊಸದಾಗಿ ತಯಾರಿಸಿದ ಫ್ರಕ್ಟೋಸ್ ಮಾತ್ರ ಮತ್ತೆ ಸೋತಿತು. ಸೀಸೆಯ ತಳದಲ್ಲಿ ಉಳಿದಿದ್ದ ಸ್ವಲ್ಪ ದ್ರವವನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಸಕ್ಕರೆಯಲ್ಲ. ಗ್ಲಿಸರಾಲ್ ಮತ್ತು ಪ್ರೋಟೀನು. ಅಂಗಾಂಶದ ತೆಳುಪದರಗಳನ್ನು ಗಾಜಿಗೆ ಅಂಟಿಸುವ ದ್ರಾವಣದ ಸೀಸೆಗೆ ತಪ್ಪು ಚೀಟಿ ಬಿದ್ದಿತ್ತು. 1949ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. (ಫ್ರಾನ್ಸಿನ ಜಾನ್ ರೋಸ್ತಾಂ ಕಪ್ಪೆಯ ವೀರ್ಯಾಣುಗಳಲ್ಲಿ ಗ್ಲಿಸರಾಲಿನ ಗುಣವನ್ನು 1946ರಲ್ಲೇ ಕಂಡಿದ್ದರು. ಅದೃಷ್ಟವೆಂಬುದು ಸೀಸೆಗಷ್ಟೇ ಅಲ್ಲ, ವರದಿಗೂ ಬೇಕು.)

ಅದೃಷ್ಟಕ್ಕೆ ಕಾರಣವನ್ನು ಹುಡುಕಿದವರು ಅದೇ ಸಂಸ್ಥೆಯ ಜೇಮ್ಸ್ ಲವ್‌ಲಾಕ್. ಹೊರಗಿನ ನೀರು ಮಂಜಾದಂತೆ ಉಳಿದ ದ್ರವದಲ್ಲಿ ಉಪ್ಪು ಸಾಂದ್ರವಾಗುತ್ತದೆ; ಕೆಂಪು ರಕ್ತಕಣದ ಪೊರೆಯನ್ನು ಕೆಡಿಸುವುದು ಈ ಉಪ್ಪು ಎಂದು 1953ರಲ್ಲಿ ಅವರು ತೋರಿಸಿದರು. ಮುಂದೆ ಅಮೆರಿಕದ ಪೀಟರ್ ಮೇಜರ್ ಕಥೆಯ ಇನ್ನೊಂದು ಮುಖವನ್ನು ಬಿಡಿಸಿದರು. ಪೊರೆಯು ಹೊರಗಿನ ಮಂಜಿನ ಹರಳನ್ನು ಒಳಗೆ ಬಿಡದೆ ತಡೆಯುವುದರಿಂದ, ಕೋಶದೊಳಗಿನ ನೀರು ಸೊನ್ನೆಗಿಂತ ಕೆಳಗಿಳಿದರೂ ಕೆಲಕಾಲ ದ್ರವವಾಗಿಯೇ ಇರುತ್ತದೆ ಮತ್ತು ಮೆಲ್ಲನೆ ಹೊರಕ್ಕೆ ಜಿನುಗುತ್ತದೆ. ನಿಧಾನವಾಗಿ ತಂಪಾಗಿಸಿದರೆ ಕೋಶ ಒಣಗಿ ಉಪ್ಪಿಗೆ ಬಲಿ. ಅವಸರಿಸಿದರೆ ಒಳಗೇ ಹರಳು ಮೂಡಿ ನಾಶ. ಪೊರೆಯ ಲಿಪಿಡುಗಳಿಗೆ ಅಂಟಿಕೊಂಡ ಕೆಲವೇ ಪದರ ನೀರಂತೂ ಹತ್ತಾರು ಡಿಗ್ರಿ ಕೆಳಗೂ ಹರಳಾಗುವುದಿಲ್ಲ. ಗ್ಲಿಸರಾಲ್ ಕೋಶದ ಒಳಹೊಕ್ಕು, ಮಂಜಾಗುವ ನೀರಿನ ಪಾಲನ್ನೂ ಉಪ್ಪಿನ ಬಿಗುವನ್ನೂ ತಗ್ಗಿಸುತ್ತದೆ.

ನಮ್ಮವರಿಗೆ ಇದರಲ್ಲಿ ಪಾಲಿದೆ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ‘ಬಾಂಬೆ’ ರಕ್ತಗುಂಪಿನವರಿಗೆ ‘ಓ’ ಗುಂಪಿನ ರಕ್ತವೂ ಒಗ್ಗದು, ತಮ್ಮಂಥವರದೇ ಬೇಕು. ಪಶ್ಚಿಮ ಭಾರತದ ಮೂಲದವರಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಾಣುವ ಈ ಗುಂಪು ಯುರೋಪಿನಲ್ಲಿ ಅತಿ ವಿರಳ. ಇಂಥ ರಕ್ತಕಣಗಳನ್ನು ಗ್ಲಿಸರಾಲಿನಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡಲಾಗುತ್ತದೆ. ಕರಗಿಸಿದ ಕಣಗಳನ್ನು ಹಾಗೆಯೇ ದೇಹಕ್ಕೆ ಬಿಡುವಂತಿಲ್ಲ. ಒಳಗಿನ ಗ್ಲಿಸರಾಲ್ ನೀರನ್ನು ಸೆಳೆದು ಕಣ ಬಿರಿಯುತ್ತದೆ. ಮೊದಲು ಗಾಢ ಉಪ್ಪುನೀರು, ಆಮೇಲೆ ತೆಳುವಾದದ್ದು, ಹೀಗೆ ಹಂತಹಂತವಾಗಿ ತೊಳೆಯಬೇಕು. ಅದಕ್ಕೆ ಗಂಟೆಗೂ ಮಿಗಿಲಾದ ಸಮಯ ಹಿಡಿಯುತ್ತದೆ. ಆದ್ದರಿಂದ, ಮನೆಯಲ್ಲಿ ಯಾರಿಗಾದರೂ ಈ ಗುಂಪಿದ್ದರೆ ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ಬಹು ಮುಂಚೆಯೇ ವೈದ್ಯರಿಗೆ ತಿಳಿಸಿರಿ.